ಹೊಸ್ತಿಲ ಬೈಗುಳ

ಹೋದ ತಿಂಗಳು ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಹತ್ತಿ ಕೂತಿದ್ದೆ. ಎದುರಿಗೆ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡ ಇಬ್ಬರು ಹುಡುಗಿಯರು, ಬೆಂಗಳೂರು ಕಡೆಯವರು. ಹೈದರಾಬಾದಿನಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ತಮ್ಮ ಮ್ಯಾನೇಜರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಅವರಲ್ಲಿ ಒಬ್ಬಳು ನಗುತ್ತಾ ಹೇಳಿದಳು:

“ಜಾಸ್ತಿ ಬೈಯೋರಿಗೆ ಬುದ್ಧಿ ಜಾಸ್ತಿ ಇರುತ್ತಂತೆ ಕಣೇ. ಎಲ್ಲೋ ಓದಿದೆ.”

“ಹಾಗಾದ್ರೆ ನಾನು ಜೀನಿಯಸ್ ಬಿಡು.”

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಹುಡುಗಿಯರ ಮೇಲಲ್ಲ, ಪಾಪ, ಅವರೇನು ಮಾಡಿದರು? ಈ ಸುದ್ದಿ ಇಷ್ಟು ತಡವಾಗಿ ಬಂತಲ್ಲ ಎಂದು ಸಿಟ್ಟು. ಐವತ್ತು ವರ್ಷದ ಹಿಂದೆ, ಇದೇ ದಿಲ್‌ಸುಖ್‌ನಗರದ ಒಂದು ಓಣಿಯಲ್ಲಿ, ಯಾರಾದರೂ ನಮ್ಮ ಮನೆಯ ಬಾಗಿಲು ತಟ್ಟಿ ಅಪ್ಪನಿಗೆ ಈ ಮಾತು ಹೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತಾ ಕೂತೆ. ನಿಜವೋ ಸುಳ್ಳೋ ಆಮೇಲಿನ ಮಾತು. ಅಪ್ಪ ಓದಿದ್ದನ್ನು ನಂಬುವವರು, ಇದನ್ನೂ ನಂಬುತ್ತಿದ್ದರು. ನಾನು ಇಳಿಯಬೇಕಾದ ಸ್ಟೇಷನ್ ಬಂದು ಹೋಯಿತು, ನಾನು ಏಳಲಿಲ್ಲ.

ಆಗ ನಾವಿದ್ದದ್ದು ಎರಡು ಕೋಣೆಯ ಪೋರ್ಷನ್. ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟರೆ ಹೈದರಾಬಾದಿನಲ್ಲಿ ಅದಕ್ಕೆ ಪೋರ್ಷನ್ ಎನ್ನುತ್ತಾರೆ. ಮುಂದಿನ ಕೋಣೆಯ ಗೋಡೆಗೆ ಅಪ್ಪನ ನಕ್ಷೆ ಬರೆಯುವ ಹಲಗೆ ಒರಗಿಸಿಟ್ಟಿರುತ್ತಿತ್ತು. ಅದರ ಕೆಳಗೆ ನನ್ನ ಹಾಸಿಗೆ. ಹಿಂದಿನ ಕೋಣೆಯಲ್ಲಿ ಒಲೆ, ಬೀಸುಕಲ್ಲು, ಕಾಳಿನ ಡಬ್ಬಿಗಳು, ಮತ್ತು ಆಯಿ. ಆಯಿ ಎಂದರೆ ಅಪ್ಪನ ತಾಯಿ. ಯಾದಗಿರಿ ಕಡೆಯ ಹಳ್ಳಿಯಿಂದ ಒಂದು ಕಬ್ಬಿಣದ ಪೆಟ್ಟಿಗೆ, ಆ ಬೀಸುಕಲ್ಲು ಹೊತ್ತುಕೊಂಡು ಮಗನ ಹಿಂದೆ ಬಂದವಳು. ಜೋಳದ ರೊಟ್ಟಿ ಬಡಿಯುವ ಸದ್ದಿಗೆ ನಾನು ಏಳುತ್ತಿದ್ದೆ. ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಇಷ್ಟೇ ಊಟ. ಮನೆ ಮಾಲೀಕರ ತೆಲುಗು ಹೆಂಗಸು ತನ್ನ ಗೋಂಗೂರ ಪಚ್ಚಡಿಯನ್ನು ಒಂದು ಬಟ್ಟಲಲ್ಲಿ ಕಳಿಸುತ್ತಿದ್ದಳು, ಆಯಿ ಅದೇ ಬಟ್ಟಲಲ್ಲಿ ತನ್ನ ಪುಂಡಿ ಪಲ್ಯ ತುಂಬಿ ವಾಪಸು ಕಳಿಸುತ್ತಿದ್ದಳು. ಎರಡೂ ಒಂದೇ ಸೊಪ್ಪು ಎಂದು ಇಬ್ಬರೂ ಒಪ್ಪುತ್ತಿರಲಿಲ್ಲ.

ಅಪ್ಪ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ನಕ್ಷೆಗಾರರು. ಬೆಳಿಗ್ಗೆ ಏಳೂವರೆಗೆ ಕಾರ್ಖಾನೆಯ ಬಸ್ಸು ಓಣಿಯ ತುದಿಗೆ ಬಂದು ಎರಡು ಸಲ ಹಾರ್ನ್ ಹೊಡೆಯುತ್ತಿತ್ತು. ಮೂರನೆಯ ಸಲ ಹೊಡೆಯುವ ಪದ್ಧತಿ ಇರಲಿಲ್ಲ. ಅಪ್ಪ ಆ ಬಸ್ಸನ್ನು ಒಂದು ದಿನವೂ ತಪ್ಪಿಸಿಕೊಂಡವರಲ್ಲ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲು, ಕೈಯಲ್ಲಿ ಊಟದ ಡಬ್ಬಿ. ಅವರು ಹೊಸ್ತಿಲ ಮೇಲೆ ಕಾಲಿಡುವ ಹೊತ್ತಿಗೆ ಆಯಿ ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು:

“ಹೋಗು, ನಿನ್ನ ಚಟ್ಟಾ ಕಟ್ಲಿ!”

ಹೆಣ ಹೊರುವ ಬಿದಿರಿನ ಚಟ್ಟ. ಹೆತ್ತ ತಾಯಿ ಹೆತ್ತ ಮಗನಿಗೆ ದಿನಾ ಬೆಳಿಗ್ಗೆ ಹೇಳುತ್ತಿದ್ದ ಮಾತು ಇದು. ಅಪ್ಪನ ಮುಖ ಸಣ್ಣದಾಗುತ್ತಿತ್ತು. ಅಕ್ಕಪಕ್ಕದವರಿಗೆ ಕನ್ನಡ ಬರುವುದಿಲ್ಲ ಎಂಬ ಒಂದೇ ಸಮಾಧಾನದಲ್ಲಿ ತಲೆ ತಗ್ಗಿಸಿ ನಡೆದುಬಿಡುತ್ತಿದ್ದರು. ಆಯಿ ಮಾತ್ರ ಬಸ್ಸು ಹೋಗುವವರೆಗೆ ಬಾಗಿಲಲ್ಲೇ ನಿಂತಿದ್ದು, ಆಮೇಲೆ ರೊಟ್ಟಿಗೆ ವಾಪಸಾಗುತ್ತಿದ್ದಳು.

ಅದಕ್ಕೆ ಕಾರಣ ಇತ್ತು. ಅಪ್ಪನಿಗಿಂತ ಮೊದಲು ಆಯಿಗೆ ಮೂರು ಕೂಸು ಹುಟ್ಟಿ, ಮೂರೂ ವರ್ಷ ತುಂಬುವುದರೊಳಗೆ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ಊರ ಹೆಂಗಸರು ಕೂಸನ್ನು ತಿಪ್ಪೆಯ ಮೇಲೆ ಒಂದು ಸುತ್ತು ಉರುಳಿಸಿ, ತಿಪ್ಪಣ್ಣ ಎಂದು ಹೆಸರಿಟ್ಟರು. ಬೇಡದ ಕೂಸು ಎಂದು ಸಾವಿಗೆ ಅನಿಸಬೇಕು, ಅದು ಮುಖ ತಿರುಗಿಸಿ ಹೋಗಬೇಕು. ನಮ್ಮ ಕಡೆ ಆಗ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತಿತ್ತು. ಬೇರೆಯವರು ಹೆಸರಿಟ್ಟು ಸುಮ್ಮನಾದರು. ಆಯಿ ಸುಮ್ಮನಾಗಲಿಲ್ಲ. ಆ ಮಗುವಿನ ಕಿವಿಗೆ ಒಂದು ಒಳ್ಳೆಯ ಮಾತು ಬೀಳದಂತೆ ನೋಡಿಕೊಂಡಳು. ಬಂಗಾರ ಎನ್ನಲಿಲ್ಲ, ರಾಜ ಎನ್ನಲಿಲ್ಲ, ನೂರು ವರ್ಷ ಬಾಳು ಎನ್ನಲಿಲ್ಲ. ಹಾಲು ಕುಡಿಸುವಾಗ ಬೈದಳು, ತೊಟ್ಟಿಲು ತೂಗುವಾಗ ಬೈದಳು, ಶಾಲೆಗೆ ಕಳಿಸುವಾಗ ಬೈದಳು. ಮಗ ಬದುಕಿದ. ಬದುಕಿ, ಓದಿ, ಹೈದರಾಬಾದಿಗೆ ಬಂದು, ಆಫೀಸಿನಲ್ಲಿ ತಿಪ್ಪಣ್ಣ ಹೋಗಿ ಟಿ. ಎಸ್. ಆದರು. ಆ ‘ಟಿ’ ಎಂದರೇನು ಎಂದು ಯಾರಾದರೂ ಕೇಳಿದರೆ ಮಾತು ತೇಲಿಸಿಬಿಡುತ್ತಿದ್ದರು.

ಅಪ್ಪನಿಗೆ ಬೈಗುಳ ಎಂದರೆ ಮೈ ಉರಿಯುತ್ತಿತ್ತು. ಮನೆಯಲ್ಲಿ ನಾವೆಲ್ಲ ನಮ್ಮ ಕಡೆಯ ಮಾತನ್ನೇ ಆಡುತ್ತಿದ್ದೆವು, ಅಪ್ಪನೂ ಆಡುತ್ತಿದ್ದರು. ಆದರೆ ಸಿಟ್ಟು ಬಂತೆಂದರೆ ಪುಸ್ತಕದ ಕನ್ನಡಕ್ಕೆ ಹಾರುತ್ತಿದ್ದರು. ಅವ್ವ ಎನ್ನಬಾರದು, ಅಮ್ಮ ಎನ್ನಬೇಕು ಎಂದು ನನಗೆ ಕಲಿಸಿದವರೂ ಅವರೇ.

“ಬೇರೆ ಶಬ್ದ ಗೊತ್ತಿಲ್ಲದವರು ಬೈಯುತ್ತಾರೆ,” ಎನ್ನುತ್ತಿದ್ದರು. “ಅದು ದಡ್ಡರ ಲಕ್ಷಣ.”

ಆಯಿಗೆ ಶಬ್ದ ಗೊತ್ತಿರಲಿಲ್ಲವಂತೆ! ಹಾಲಿಗೆ ನೀರು ಬೆರೆಸುವ ಗೌಳಿಗೆ ಆಕೆ ಅನ್ನುತ್ತಿದ್ದದ್ದು, “ನಿನ್ನ ಎಮ್ಮಿ ಬಾವಿ ನೀರು ಹಿಂಡ್ಲಿ.” ಅಮ್ಮನ ರವಿಕೆ ಗಿಡ್ಡ ಹೊಲಿದ ದರ್ಜಿಗೆ, “ನಿನ್ನ ಹೆಣದ ಬಟ್ಟಿ ಗಿಡ್ಡ ಆಗ್ಲಿ.” ದಿನಕ್ಕೆ ಒಂದು ತಾಸು ಬರುವ ನಲ್ಲಿಗೆ ಬೇರೆ, ಕೋಠಿಗೆ ಹೋಗುವ ಬಸ್ಸು ನಿಲ್ಲಿಸದೆ ಹೋದ ಡ್ರೈವರನಿಗೆ ಬೇರೆ. ಒಬ್ಬರಿಗೆ ಅಂದದ್ದನ್ನು ಇನ್ನೊಬ್ಬರಿಗೆ ಅನ್ನುತ್ತಿರಲಿಲ್ಲ. ಆಳು ನೋಡಿ, ತಪ್ಪು ನೋಡಿ, ಅಳತೆ ತೆಗೆದು ಹೊಲಿದು ಕೊಡುತ್ತಿದ್ದಳು. ಗೌಳಿ ತೆಲುಗಿನವನು, ಆಕೆಯ ಒಂದು ಮಾತೂ ಅವನಿಗೆ ತಿಳಿಯುತ್ತಿರಲಿಲ್ಲ. ಅವನು ತೆಲುಗಿನಲ್ಲಿ ತಿರುಗಿ ಬೈಯುತ್ತಿದ್ದ, ಇಬ್ಬರೂ ಹಗುರಾಗಿ ಬೇರೆಯಾಗುತ್ತಿದ್ದರು. ಇಷ್ಟೆಲ್ಲ ಹೊಸದಾಗಿ ಹುಟ್ಟಿಸುವ ತಲೆಯನ್ನು ನಾನು ಆಮೇಲೆ ಯಾವ ಕಾಲೇಜಿನಲ್ಲೂ ನೋಡಲಿಲ್ಲ. ಆದರೆ ಮಗನಿಗೆ ಮಾತ್ರ ಯಾವತ್ತೂ ಅದೊಂದೇ, ಚಟ್ಟಾ ಕಟ್ಲಿ. ಅದನ್ನು ಬದಲಾಯಿಸುವ ಧೈರ್ಯ ಆಕೆಗೆ ಇರಲಿಲ್ಲ.

ಇನ್ನು ನಾನು. ನನಗೆ ಮಾತು ಬರುತ್ತಿರಲಿಲ್ಲ. ಮೂಗಿಯಲ್ಲ, ಉಗ್ಗು. ಕಮಲಾ ಎಂಬ ನನ್ನ ಹೆಸರಿನ ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡರೆ ಬಿಡಿಸುವುದಕ್ಕೆ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತಿದ್ದವು, ಕುತ್ತಿಗೆ ಸೆಟೆಯುತ್ತಿತ್ತು, ಎದುರಿಗಿದ್ದವರು ಮುಖ ತಿರುಗಿಸುತ್ತಿದ್ದರು. ಧಾರವಾಡದ ಮೆತ್ತನೆ ಹೆಂಗಸು ನಮ್ಮಮ್ಮ, ದಿನಾ ಬಜೆ ಬೇರು ತೇಯ್ದು ನನ್ನ ನಾಲಿಗೆಗೆ ಹಚ್ಚುತ್ತಿದ್ದಳು. ನಾಲಿಗೆ ಕಹಿಯಾಯಿತೇ ಹೊರತು ಸಡಿಲವಾಗಲಿಲ್ಲ. ಅಪ್ಪನಿಗೆ ನನ್ನ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ಇರಲಿಲ್ಲ, ಅದನ್ನು ತಾವೇ ಮುಗಿಸುತ್ತಿದ್ದರು. “ನೀ... ನೀ...” ಎಂದು ನಾನು ಶುರುಮಾಡಿದರೆ, “ನೀರೇನು? ತಗೋ,” ಎಂದು ಲೋಟ ಕೈಗಿಡುತ್ತಿದ್ದರು. ನಾನು ಹೇಳಬೇಕೆಂದಿದ್ದದ್ದು, ನೀವು ಸಂಜಿಗೆ ಜಲ್ದಿ ಬರ್ತೀರೇನು ಎಂದು. ಬೇಡದ ನೀರು ನಾನು ಬಾಲ್ಯದಲ್ಲಿ ಎಷ್ಟು ಕುಡಿದೆನೋ ಲೆಕ್ಕವಿಲ್ಲ. ಕುಡಿದುಬಿಡುವುದು ಸುಲಭ, ಅಲ್ಲ ಎಂದು ಹೇಳುವುದು ಕಷ್ಟ.

ನನಗೆ ಒಂಬತ್ತು ವರ್ಷವಾದಾಗ ಶಾಲೆಯಿಂದ ಅಪ್ಪನಿಗೆ ಕರೆ ಬಂತು. ಇಂಗ್ಲಿಷ್ ಶಾಲೆ, ಹೊಟ್ಟೆ ಬಟ್ಟೆ ಕಟ್ಟಿ ಸೇರಿಸಿದ್ದು. ಮಗು ಬಾಯಿ ಬಿಡುವುದಿಲ್ಲ, ಬುದ್ಧಿ ಬೆಳೆದಿಲ್ಲ, ಮಂದಬುದ್ಧಿಯ ಮಕ್ಕಳಿಗೆ ಬೇರೆ ಶಾಲೆ ಇದೆ, ಅಲ್ಲಿಗೆ ಹಾಕಿ ಎಂದು ಹೆಡ್‌ಮಿಸ್ಟ್ರೆಸ್ ಹೇಳಿದರು. ಅಪ್ಪ ಕೈಮುಗಿದು ಒಂದು ತಿಂಗಳು ಕಾಲಾವಕಾಶ ಕೇಳಿದರು. ಒಂದು ತಿಂಗಳ ನಂತರ ಬಾಯಿಪರೀಕ್ಷೆ ಎಂದು ನಿಗದಿಯಾಯಿತು. ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ ಶಾಲೆಯಲ್ಲಿ ಇರಬಹುದು, ಇಲ್ಲದಿದ್ದರೆ ಹೊರಗೆ. ಅವತ್ತು ಅಪ್ಪ ಮನೆಗೆ ಬಂದು ಊಟ ಮಾಡದೆ ನಕ್ಷೆಯ ಹಲಗೆಯ ಮುಂದೆ ಕೂತರು. ನಾನು ಅದರ ಕೆಳಗೆ ಮಲಗಿ ನಿದ್ದೆ ಬಂದವಳ ಹಾಗೆ ನಟಿಸುತ್ತಿದ್ದೆ. ಅವರು ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು.

“ನನ್ನ ಮಗಳು ದಡ್ಡಿ. ಒಪ್ಪಿಕೊಳ್ಳಬೇಕು.”

ನನಗೆ ಆಗಲೇ ಹದಿನಾರರವರೆಗೆ ಮಗ್ಗಿ ಬರುತ್ತಿತ್ತು. ಅಪ್ಪ ತರುತ್ತಿದ್ದ ಇಂಗ್ಲಿಷ್ ಪೇಪರಿನ ಮೇಲಿನ ಸಾಲುಗಳನ್ನೆಲ್ಲ ಓದಲು ಬರುತ್ತಿತ್ತು. ಎಲ್ಲ ಒಳಗೆ ಇತ್ತು, ಹೊರಗೆ ತರುವ ದಾರಿ ಇರಲಿಲ್ಲ. ಹೊದಿಕೆಯೊಳಗೆ ಕೈ ಬೆರಳು ಕಚ್ಚಿಕೊಂಡು ಅತ್ತೆ. ಎದ್ದು ಕೂತು ಅಲ್ಲ, ನಾನು ದಡ್ಡಿಯಲ್ಲ ಎಂದು ಹೇಳಬೇಕು ಎನಿಸಿತು. ಹೇಳಲು ಹೋದರೆ ಅದೂ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಅವರ ಮಾತೇ ನಿಜವಾಗುತ್ತದೆ ಎಂದು ಹೆದರಿ ಏಳಲಿಲ್ಲ.

ದಾರಿ ತೋರಿಸಿದ್ದು ಒಂದು ಕಾಗೆ. ಮಾಳಿಗೆಯ ಮೇಲೆ ಆಯಿ ಸಂಡಿಗೆ ಒಣಹಾಕಿದ್ದಳು, ನಾನು ಕೋಲು ಹಿಡಿದು ಕಾವಲು. ಕಾಗೆ ಬಂದು ನನ್ನ ಕಾಲ ಬಳಿಯೇ ಒಂದು ಸಂಡಿಗೆ ಎತ್ತಿತು. ನಾನು ಕೂಗಿದೆ:

“ನಿನ್ನ ಚಟ್ಟಾ ಕಟ್ಲಿ!”

ಎಲ್ಲಿಯೂ ತಡೆಯಲಿಲ್ಲ. ಪೂರ್ತಿ ಬಂತು, ಗಟ್ಟಿಯಾಗಿ ಬಂತು. ಮೂಲೆಯಲ್ಲಿ ಕೂತು ಹಿಟ್ಟು ಕಲಸುತ್ತಿದ್ದ ಆಯಿ ಕೈ ನಿಲ್ಲಿಸಿದಳು.

“ಇನ್ನೊಮ್ಮೆ ಅನ್ನು.”

“ನಿನ್ನ ಚಟ್ಟಾ ಕಟ್ಲಿ.”

“ಈಗ ನಿನ್ನ ಹೆಸರ ಹೇಳು. ಜಲ್ದಿ!”

“ಕಮಲಾ,” ಎಂದೆ. ಬಂದುಬಿಟ್ಟಿತು. ಆಯಿ ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಡಿದು, ಬಿಟ್ಟು, ಮತ್ತೆ ಹಿಡಿದಳು.

ಆ ದಿನದಿಂದ ಅಪ್ಪನ ಬಸ್ಸು ಹೋದ ಮೇಲೆ, ಶಾಲೆಯಿಂದ ಬಂದ ಮೇಲೆ, ಬೀಸುಕಲ್ಲಿನ ಎರಡು ಬದಿಗೆ ಕೂತು ನಾವು ಪಾಠ ಶುರುಮಾಡಿದೆವು. ಮೊದಲು ಬೈಗುಳ, ಅದರ ಬೆನ್ನಿಗೇ ಮಾತು. ಬೈಗುಳ ಮುಗಿದ ಮೇಲೆ ಉಸಿರು ತೆಗೆದುಕೊಂಡರೆ ಕೆಟ್ಟಿತು, ನಾಲಿಗೆ ಮತ್ತೆ ಬೀಗ ಹಾಕಿಕೊಳ್ಳುತ್ತಿತ್ತು. ನಿಲ್ಲಿಸದೆ ಹೋದರೆ ಎಷ್ಟು ಹೊತ್ತಾದರೂ ಹೋಗಬಹುದು. ಹದಿಮೂರರ ಮಗ್ಗಿ ಹೇಳಿದೆ, ಆಯಿ ಒಂದಕ್ಷರ ತಿಳಿಯದಿದ್ದರೂ ಇಂಗ್ಲಿಷ್ ಪದ್ಯ ಕೇಳಿದಳು. ಅಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು, ಅಪ್ಪನಿಗೆ ಹೇಳಲಿಲ್ಲ. ಪರೀಕ್ಷೆಯ ಹಿಂದಿನ ದಿನ ನಾನು ಆಯಿಗೆ ಕಷ್ಟಪಟ್ಟು ಕೇಳಿದೆ, ಶಾಲೆಯಲ್ಲಿ ಹೇಗೆ ಬೈಯಲಿ ಎಂದು.

“ಮೊದ್ಲ ಮನಸಿನ್ಯಾಗ ಅನ್ನು. ಬರಲಿಲ್ಲಂದ್ರ ಬಾಯಿಲೆ ಅನ್ನು. ಅಲ್ಲಿ ಎಲ್ಲಾರೂ ತೆಲುಗಿನೋರು, ಕನ್ನಡ ಯಾವ ಭಾಡ್ಯಾಗ ತಿಳೀತೈತಿ?”

ಇದೇ ನಮ್ಮ ತಪ್ಪು. ಊರು ಬಿಟ್ಟು ಬಂದವರೆಲ್ಲ ಮಾಡುವ ತಪ್ಪು. ನಮ್ಮ ಭಾಷೆ ಇಲ್ಲಿ ಯಾರಿಗೂ ತಿಳಿಯದು ಎಂದು ಲೆಕ್ಕ ಹಾಕಿದೆವು. ಆ ಕೋಣೆಯಲ್ಲಿ ಅಪ್ಪನೂ ನಿಂತಿರುತ್ತಾರೆ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಹೆಡ್‌ಮಿಸ್ಟ್ರೆಸ್ಸರ ಮೇಜಿನ ಮೇಲೆ ಹಸಿರು ಬಟ್ಟೆ, ಗೋಡೆಯ ಮೇಲೆ ಗಡಿಯಾರ. ಅವರ ಪಕ್ಕದಲ್ಲಿ ನಮ್ಮ ಕ್ಲಾಸ್ ಟೀಚರು. ಅಪ್ಪ ನನ್ನ ಎದುರಿಗೆ ಗೋಡೆ ಹಿಡಿದು ಅಪರಾಧಿಯ ಹಾಗೆ ನಿಂತಿದ್ದರು. ಮೊದಲ ಪ್ರಶ್ನೆ ಹೆಸರು. ನಾನು ಮನಸ್ಸಿನಲ್ಲಿ ಬೈದೆ. ಹತ್ತು ಸಲ ಬೈದೆ. ಮನಸ್ಸಿನ ಬೈಗುಳಕ್ಕೆ ಬಲವೇ ಇಲ್ಲ, ಗಂಟಲು ತೆರೆಯಲಿಲ್ಲ. ಅಪ್ಪ ತಮ್ಮ ತುಟಿಯಲ್ಲೇ ‘ಕ’ ಮಾಡಿ ತೋರಿಸುತ್ತಿದ್ದರು. ಅವರ ಹಣೆಯಿಂದ ಬೆವರು ಇಳಿದು ಇಸ್ತ್ರಿ ಮಾಡಿದ ಕಾಲರಿಗೆ ಬಿತ್ತು. ಹೆಡ್‌ಮಿಸ್ಟ್ರೆಸ್ ಗಡಿಯಾರ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು, ರಿಜಿಸ್ಟರ್ ಮುಚ್ಚಿದರು.

“ಸಾರಿ, ಮಿಸ್ಟರ್ ಟಿ. ಎಸ್.”

ಅಪ್ಪನ ಮುಖ ಕುಸಿಯಿತು. ಅದನ್ನು ನೋಡಲಾಗದೆ, ಅದನ್ನೇ ನೋಡುತ್ತಾ ನಾನು ಕೂಗಿಬಿಟ್ಟೆ:

“ನಿನ್ನ ಚಟ್ಟಾ ಕಟ್ಲಿ! ಮೈ ನೇಮ್ ಈಸ್ ಕಮಲಾ, ಐ ಆಮ್ ನೈನ್ ಇಯರ್ಸ್ ಓಲ್ಡ್...”

ನಿಲ್ಲಿಸಿದರೆ ಸತ್ತೆ ಎಂದು ಗೊತ್ತಿತ್ತು. ಹದಿಮೂರರ ಮಗ್ಗಿ, ಹದಿನಾಲ್ಕರದು, ಪದ್ಯ, ರಾಜ್ಯಗಳ ರಾಜಧಾನಿಗಳು, ಕೇಳಿದ್ದು ಕೇಳದ್ದು ಎಲ್ಲವನ್ನೂ ಹೇಳಿದೆ. ಕೊನೆಗೆ ಹೆಡ್‌ಮಿಸ್ಟ್ರೆಸ್ ಸಾಕು ಸಾಕು ಎಂದು ಕೈ ಎತ್ತಿದರು. ಅವರು ನಗುತ್ತಿದ್ದರು. ನಗುತ್ತಲೇ ಅಪ್ಪನನ್ನು ಕೇಳಿದರು:

“ಮೊದಟ ಏಮಂದಿ ಪಾಪ?”

ಮೊದಲಿಗೆ ಮಗು ಏನಂದಿತು ಎಂದು. ಅಪ್ಪ ಗೋಡೆಯಿಂದ ಕೈ ತೆಗೆದರು. ಒಂದು ಸುಳ್ಳನ್ನೂ ಆಡದವರು, ನಕ್ಷೆಯಲ್ಲಿ ಕೂದಲೆಳೆ ತಪ್ಪಿದರೂ ಅಳಿಸಿ ಬರೆಯುವವರು, ತೊದಲಿದರು. ಹೌದು, ಅವತ್ತು ಅಪ್ಪ ತೊದಲಿದರು.

“ಅದು... ನಮ್ಮೂರ ದೇವರ ಹೆಸರು, ಮೇಡಂ. ನೆನೆಸಿಕೊಂಡಳು.”

ಹೆಡ್‌ಮಿಸ್ಟ್ರೆಸ್ ಭಕ್ತಿಯಿಂದ ಕಣ್ಣು ಮುಚ್ಚಿ ಆ ದೇವರಿಗೆ ಕೈಮುಗಿದರು. ನಾನು ಶಾಲೆಯಲ್ಲಿ ಉಳಿದೆ.

ಮನೆಗೆ ಬರುವಾಗ ಅಪ್ಪ ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ನಿಂತೇ ಬಂದರು. ರಾತ್ರಿ ಊಟಕ್ಕೆ ಕೂತಾಗ ಸಿಟ್ಟು ಒಡೆಯಿತು. ತಟ್ಟೆಯನ್ನು ಹಿಂದಕ್ಕೆ ಸರಿಸಿ ಆಯಿಯ ಕಡೆ ತಿರುಗಿದರು.

“ನಿನ್ನ ಮೊಮ್ಮಗಳು ಇವತ್ತು ಶಾಲೆಯಲ್ಲಿ ನನ್ನ ಚಟ್ಟ ಕಟ್ಟಿದಳು. ದೊಡ್ಡವರ ಮುಂದೆ, ನನ್ನ ಮುಖ ನೋಡಿ. ನೀನೇ ಕಲಿಸಿದೆಯಾ?”

ಆಯಿಯ ಮುಖ ಅರಳಿತು. “ಬಾಯಿ ಬಂತಲ್ಲೋ! ಎಲ್ಲಾ ಹೇಳಿದಳೇನು? ಮಗ್ಗಿ ಹೇಳಿದಳೇನು?”

“ಅದು ಬಾಯಲ್ಲ. ದಡ್ಡರ ಬಾಯಿ ಅದು. ನನ್ನ ಜೀವನವೆಲ್ಲ ನಿನ್ನ ಈ ಹೊಲಸನ್ನು ತೊಳೆದುಕೊಳ್ಳುವುದರಲ್ಲೇ ಹೋಯಿತು. ನಿನ್ನಂಥ ದಡ್ಡಿ ಈ ಮನೆಯಲ್ಲಿ ಇದ್ದರೆ ನನ್ನ ಮಗಳೂ ದಡ್ಡಿ ಆಗುತ್ತಾಳೆ.”

ಅಮ್ಮ “ಏನ್ರೀ ಇದು” ಎಂದಳು, ಅಷ್ಟೇ ಅವಳಿಂದಾದದ್ದು. ನಾನು ಅಲ್ಲೇ ಕೂತಿದ್ದೆ. ಆಯಿಯಿಂದಲೇ ನಾನು ಮಾತಾಡಿದ್ದು, ಆಕೆ ದಡ್ಡಿಯಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದೆ. “ಆ... ಆ...” ಎಂದೆ. “ಅನ್ನ ಬೇಕಂತ, ಹಾಕು,” ಎಂದರು ಅಪ್ಪ ಅಮ್ಮನಿಗೆ. ನನ್ನ ತಟ್ಟೆಗೆ ಅನ್ನ ಬಿತ್ತು. ಈ ವಯಸ್ಸಿನಲ್ಲೂ ಆ ಅನ್ನ ನೆನಪಾದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ನಾನು ಅದನ್ನು ತಿಂದೆ.

ಮರುದಿನ ಬೆಳಿಗ್ಗೆ ಅಪ್ಪ ಹೊಸ್ತಿಲ ಮೇಲೆ ಕಾಲಿಟ್ಟಾಗ ಆಯಿ ಒಲೆಯ ಮುಂದಿನಿಂದ ಏಳಲಿಲ್ಲ. ಅಪ್ಪ ಒಂದು ಗಳಿಗೆ ನಿಂತು, ಹೋದರು. ಗೌಳಿ ಬಂದ, ಆಯಿ ಮಾತಿಲ್ಲದೆ ಪಾತ್ರೆ ಹಿಡಿದಳು. ಅವನು ಎರಡು ದಿನ ನೋಡಿ, ಮೂರನೆಯ ದಿನ ಅಮ್ಮನನ್ನು ಪಕ್ಕಕ್ಕೆ ಕರೆದು, ಮುದುಕಿಗೆ ಹುಷಾರಿಲ್ಲವೇ ಎಂದು ಕೇಳಿದ. ಆ ದಿನ ಹಾಲು ಗಟ್ಟಿಯಾಗಿತ್ತು. ಎಂಟು ದಿನ ನಮ್ಮ ಮನೆಯಲ್ಲಿ ಒಂದು ಬೈಗುಳವೂ ಕೇಳಲಿಲ್ಲ. ಅಪ್ಪ ಗೆದ್ದಿದ್ದರು, ಆದರೆ ದಿನಾ ಸಂಜೆ ಬಂದವರೇ ಅಡುಗೆ ಕೋಣೆಯಲ್ಲಿ ಒಮ್ಮೆ ಇಣುಕಿ ನೋಡುತ್ತಿದ್ದರು. ನನ್ನ ನಾಲಿಗೆ ಪೂರ್ತಿ ಮುಚ್ಚಿಹೋಯಿತು. ಒಬ್ಬಳೇ ಬೈದು ನೋಡಿದರೆ ಬೈಗುಳ ಬರುತ್ತಿತ್ತು, ಅದರ ಹಿಂದೆ ಮಾತು ಬರುತ್ತಿರಲಿಲ್ಲ. ಬೀಸುಕಲ್ಲಿನ ಎದುರಿಗೆ ಹೋಗಿ ಕೂತು ಆಯಿಯ ಮೊಣಕಾಲು ಅಲ್ಲಾಡಿಸಿದೆ. ಆಯಿ ನನ್ನ ತಲೆ ಸವರಿ ಆಚೆ ನೋಡಿದಳು.

“ಬ್ಯಾಡ ತಂಗಿ. ನಿಮ್ಮಪ್ಪ ಓದಿದಾಂವ. ಅವಗ ತಿಳೀತೈತಿ.”

ಒಂಬತ್ತನೆಯ ದಿನ ಕಬ್ಬಿಣದ ಪೆಟ್ಟಿಗೆ ತೆರೆದು ಸೀರೆ ಮಡಚಿ ಇಟ್ಟಳು. ಊರಿಗೆ ಹೊಂಟೀನಿ ಎಂದಳು. ಅಪ್ಪ ಬೇಡ ಎನ್ನಲಿಲ್ಲ. ಬೇಡ ಎಂದರೆ ಸೋತಂತೆ ಎಂದುಕೊಂಡಿರಬೇಕು. ನಾನು ಪೆಟ್ಟಿಗೆಯ ಮೇಲೆ ಹತ್ತಿ ಕೂತೆ, ಏಳಿಸಿದರು. ಮತ್ತೆ ಕೂತೆ, ಮತ್ತೆ ಏಳಿಸಿದರು. ಆಯಿ ಹೋದರೆ ನನ್ನ ಬಾಯಿ ಹೋಗುತ್ತದೆ ಎಂದು ಅವರಿಗೆ ಹೇಗೆ ತಿಳಿಸುವುದು? ತಿಳಿಸಬೇಕಾದ ಬಾಯೇ ಅದು.

ನಾಂಪಲ್ಲಿ ಸ್ಟೇಷನ್ನಿಗೆ ನಾವು ಮೂವರೂ ಹೋದೆವು. ಅಪ್ಪ ಕಿಟಕಿಯ ಬಳಿ ಜಾಗ ಹಿಡಿದು, ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿ, ಕೆಳಗಿಳಿದು ಬಂದು ಕಿಟಕಿಯ ಸರಳಿನ ಮುಂದೆ ನಿಂತರು. ಅವರು ಕಾಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಶಾಲೆಗೆ ಹೋದಾಗ, ಪಟ್ಟಣಕ್ಕೆ ಓದಲು ಹೋದಾಗ, ನೌಕರಿಗೆ ಬಂದಾಗ, ಈ ಎಂಟು ದಿನ ಬಿಟ್ಟರೆ ಹುಟ್ಟಿದಾಗಿನಿಂದ ಅವರು ಆಯಿಯನ್ನು ಅಗಲಿದ ಪ್ರತಿ ಸಲ ಬೆನ್ನ ಹಿಂದೆ ಆ ಮಾತು ಬಂದಿತ್ತು. ಗಾರ್ಡು ಸೀಟಿ ಊದಿದ. ಆಯಿ ಎರಡೂ ಕೈ ಜೋಡಿಸಿದಳು.

“ಬರ್ತೀನ್ರಿ. ಚಲೋ ಇರ್ರಿ. ನೂರು ವರ್ಷ ಬಾಳ್ರಿ.”

ಹೆತ್ತ ಮಗನಿಗೆ ‘ರಿ’ ಹಚ್ಚಿ, ಅಪರಿಚಿತ ಸಾಹೇಬರಿಗೆ ಹೇಳಿದ ಹಾಗೆ ಹೇಳಿದಳು. ಅಪ್ಪನ ಪುಸ್ತಕದ ಕನ್ನಡ ಎಲ್ಲಿ ಹೋಯಿತೋ, ಹಳ್ಳಿಯ ಹುಡುಗನ ಹಾಗೆ ಸರಳು ಹಿಡಿದುಕೊಂಡರು.

“ಯವ್ವಾ, ಹಂಗ ಅನಬ್ಯಾಡ. ಬೈಯವ್ವಾ. ಒಮ್ಮೆ ಬೈದ ಹೋಗು.”

“ದಡ್ಡರ ಮಾತು ಬಿಟ್ಟೀನ್ರಿ.”

ರೈಲು ಹೊರಟಿತು. ಅಪ್ಪ ಸರಳು ಬಿಡದೆ ಪಕ್ಕದಲ್ಲೇ ಓಡಿದರು. “ಬೈಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಬೈ,” ಎಂದು ಕೂಗುತ್ತಿದ್ದರು. ಪ್ಲಾಟ್‌ಫಾರಂ ಮೇಲಿನ ಜನ ನೋಡುತ್ತಿದ್ದರು, ಅವರಲ್ಲಿ ಯಾರಿಗೆ ಕನ್ನಡ ಬರುತ್ತಿತ್ತೋ ಯಾರಿಗೆ ಇಲ್ಲವೋ ಎಂದು ಅಪ್ಪ ಅವತ್ತು ನೋಡಲಿಲ್ಲ. ಆಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಆಕೆ ಹಟಕ್ಕೆ ಬಿದ್ದು ಬೈಯಲಿಲ್ಲವೋ, ಅಥವಾ ಬಾಯಿ ತೆರೆದರೆ ಅಳು ಬರುತ್ತದೆಂದು ಬೈಯಲಿಲ್ಲವೋ, ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಅಪ್ಪ ಊರಿಗೆ ಕಾಗದ ಬರೆದರು, ತಪ್ಪಾಯಿತು ಬಾ ಎಂದು. ಉತ್ತರ ಬಂತು. ಆಯಿಗೆ ಬರೆಯಲು ಬರುತ್ತಿರಲಿಲ್ಲ, ಊರಿನ ಮಾಸ್ತರರ ಕೈಯಲ್ಲಿ ಬರೆಸಿದ್ದು. ಚಿರಂಜೀವಿಗೆ ಅನೇಕ ಆಶೀರ್ವಾದಗಳು, ನಾನು ಇಲ್ಲಿ ಕ್ಷೇಮ, ನೀವು ಆಯುರಾರೋಗ್ಯದಿಂದ ಸುಖವಾಗಿರಬೇಕೆಂದು ಹಾರೈಸುತ್ತೇನೆ, ಎಂದು ಮುತ್ತಿನಂಥ ಅಕ್ಷರ. ಬೈಗುಳವನ್ನು ಆಯಿ ಹೇಳಲಿಲ್ಲವೋ, ಹೇಳಿದ್ದನ್ನು ಮಾಸ್ತರರು ಬರೆಯಲಿಲ್ಲವೋ ಯಾರು ಹೇಳಬೇಕು? ಅಪ್ಪ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದರು. ದಸರೆ ರಜೆಗೆ ತಾವೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದರು. ದಸರೆಗಿಂತ ಮೊದಲು ತಂತಿ ಬಂತು. ನಾವು ಹೋಗಿ ತಲುಪುವಷ್ಟರಲ್ಲಿ ಚಟ್ಟ ಕಟ್ಟಿ ಮುಗಿದಿತ್ತು. ಅಪ್ಪ ಅದನ್ನು ನೋಡಿ, ಎದೆ ಎದೆ ಬಡಿದುಕೊಂಡರು.

ಆಯಿಯ ದಿನಕರ್ಮ ಮುಗಿಸಿ ಹೈದರಾಬಾದಿಗೆ ಬಂದ ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ತಯಾರಾದರು. ಅಂಗಿಗೆ ಇಸ್ತ್ರಿ ಇರಲಿಲ್ಲ. ಡಬ್ಬಿ ಹಿಡಿದು ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕಾಲಿಟ್ಟರು, ತೆಗೆದರು. ಮತ್ತೆ ಇಟ್ಟರು, ತೆಗೆದರು. ಓಣಿಯ ತುದಿಯಲ್ಲಿ ಹಾರ್ನ್ ಒಂದು ಸಲ ಕೇಳಿತು. ಅವರು ಒಳಗೆ ತಿರುಗಿದರು. ನಾಲ್ವರಲ್ಲಿ ಉಳಿದ ಒಂದು ಕೂಸು ಅದು, ನಲವತ್ತು ವರ್ಷ 'ಬೇಡ' ಎನ್ನಿಸಿಕೊಂಡು ಬದುಕಿದ್ದು. ಆಯಿ ಬೈಯುವುದನ್ನು ಬಿಟ್ಟ ಮೇಲೂ ಬೈಯುವ ಬಾಯಿ ಬದುಕಿತ್ತು, ಇವತ್ತು ಅದೂ ಇಲ್ಲದೆ ಹೊರಗೆ ಕಾಲಿಡಬೇಕಿತ್ತು. ಓದಿದವರು ಇದನ್ನೆಲ್ಲ ನಂಬಬಾರದು, ಗೊತ್ತು. ಅಪ್ಪನಿಗೂ ಗೊತ್ತಿತ್ತು.

“ಕಮಲಾ,” ಎಂದರು. “ನೀನಾರ ಒಮ್ಮೆ ಅನ್ನವ್ವಾ.”

ನಾನು ಅವರ ಮುಂದೆ ಹೋಗಿ ನಿಂತೆ. ಜೀವನದಲ್ಲಿ ನನಗೆ ತಡೆಯದೆ ಬರುತ್ತಿದ್ದ ಮಾತು ಅದೊಂದೇ. ಕಾಗೆಗೆ ಅಂದಿದ್ದೆ, ಹೆಡ್‌ಮಿಸ್ಟ್ರೆಸ್ಸರ ಮುಂದೆ ಅಂದಿದ್ದೆ. ಬಾಯಿ ತೆರೆದೆ.

“ನಿ... ನಿ... ನಿ...”

ಸಿಕ್ಕಿಕೊಂಡಿತು. ಅದೂ ಸಿಕ್ಕಿಕೊಂಡಿತು. ಕಣ್ಣು ಮುಚ್ಚಿಕೊಂಡವು, ಕುತ್ತಿಗೆ ಸೆಟೆಯಿತು. ಎರಡನೆಯ ಹಾರ್ನ್ ಕೇಳಿತು. ಈಗ ಅಪ್ಪ ಮಾತು ಮುಗಿಸುತ್ತಾರೆ, ಸಾಕು ಬಿಡು ಎನ್ನುತ್ತಾರೆ, ಓಡುತ್ತಾರೆ ಎಂದುಕೊಂಡೆ. ಆ ಮಾತು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಣ್ಣು ತೆರೆದು ನೋಡಿದೆ. ಅಪ್ಪ ಡಬ್ಬಿಯನ್ನು ಕೆಳಗಿಟ್ಟು ನನ್ನ ಎದುರಿಗೆ ಮೊಣಕಾಲೂರಿ ಕೂತಿದ್ದರು. ನನ್ನ ಮುಖದಿಂದ ಕಣ್ಣು ಸರಿಸಿರಲಿಲ್ಲ.

“ಅವಸರ ಇಲ್ಲ,” ಎಂದರು. “ನಾ ಇಲ್ಲೇ ಇರ್ತೀನಿ.”

ಬಸ್ಸು ಹೊರಟ ಸದ್ದು ಕೇಳಿತು, ತಿರುವಿನಲ್ಲಿ ಕರಗಿಹೋಯಿತು. ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ನನ್ನ ಮಾತು ಪೂರ್ತಿಯಾಗುವವರೆಗೆ ಅಪ್ಪ ಹೊಸ್ತಿಲು ದಾಟಲಿಲ್ಲ.